ಒಂದೇ ಮನೆ, ಒಂದೇ ಆಡಿಯೋಗ್ರಾಂ: ಅಜ್ಜನ ಶ್ರವಣಯಂತ್ರಕ್ಕೂ ಮೊಮ್ಮಗಳ ಯಂತ್ರಕ್ಕೂ ಲೆಕ್ಕ ಬೇರೆ ಏಕೆ?

ಬೆಣ್ಣೆನಗರಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಈಗ ನಾಲ್ಕು ಶ್ರವಣಯಂತ್ರಗಳಿವೆ. ಎರಡು ನನ್ನ ತಂದೆಯವರವು, ಎರಡು ನನ್ನ ಮಗಳವು. ತಂದೆಯವರಿಗೆ 71 ವರ್ಷ, ಮಗಳಿಗೆ ಮುಂದಿನ ತಿಂಗಳು ಮೂರು ತುಂಬುತ್ತದೆ. ಕಾಕತಾಳೀಯವೋ ಏನೋ, ಇಬ್ಬರ ಆಡಿಯೋಗ್ರಾಂಗಳೂ (ಯಾವ ಆವರ್ತನದಲ್ಲಿ ಶ್ರವಣ ಎಷ್ಟು ಕುಗ್ಗಿದೆ ಎಂದು ತೋರಿಸುವ ನಕ್ಷೆ) ಹೆಚ್ಚುಕಡಿಮೆ ಒಂದೇ ಇವೆ: 500 ಹರ್ಟ್ಜ್‌ನಲ್ಲಿ 40 ಡೆಸಿಬಲ್, 1000ದಲ್ಲಿ 50, 2000ದಲ್ಲಿ 60, 4000ದಲ್ಲಿ 70. ಐದು ಡೆಸಿಬಲ್ ಅತ್ತಿತ್ತ ಇರಬಹುದು. ಆದರೆ ಕೊಟ್ಟ ಮುದ್ರಿತ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ತಂದೆಯವರದರಲ್ಲಿ ‘ಎನ್‌ಎಎಲ್-ಎನ್‌ಎಲ್2’ ಎಂದೂ ಮಗಳದರಲ್ಲಿ ‘ಡಿಎಸ್‌ಎಲ್ 5’ ಎಂದೂ ಬರೆದಿದೆ, ಮತ್ತು ಮಗಳ ಯಂತ್ರಕ್ಕೆ ನಿಗದಿಪಡಿಸಿದ ಗೇನ್ (ಯಂತ್ರ ಸದ್ದನ್ನು ಎಷ್ಟು ಹೆಚ್ಚಿಸುತ್ತದೆ ಎಂಬ ಅಳತೆ) ತಂದೆಯವರದಕ್ಕಿಂತ ಎಲ್ಲ ಕಡೆಯೂ ಹೆಚ್ಚಿದೆ. ಅಷ್ಟು ಚಿಕ್ಕ ಕಿವಿಗೆ ಇಷ್ಟು ಜೋರು ಕೊಟ್ಟರೆ ಉಳಿದಿರುವ ಶ್ರವಣವೂ ಹೋಗುವುದಿಲ್ಲವೇ ಎಂಬುದು ನನ್ನ ಹೆಂಡತಿಯ ಭಯ. ನನಗೂ ಒಳಗೊಳಗೆ ಅದೇ ಅಳುಕು.

ಇಬ್ಬರ ಯಂತ್ರಗಳನ್ನೂ ಬೇರೆ ಬೇರೆ ಕಡೆ ಕೊಂಡಿದ್ದೇವೆ. ತಂದೆಯವರು ತಮ್ಮ ಯಂತ್ರ ಹಾಕಿಕೊಂಡರೆ ಕುಕ್ಕರಿನ ಸೀಟಿ ತಲೆಯೊಳಗೇ ಕೂಗಿದಂತಾಗುತ್ತದೆ ಎಂದು ಹೇಳಿ ಅರ್ಧ ದಿನ ಡಬ್ಬಿಯಲ್ಲೇ ಇಡುತ್ತಾರೆ. ಮಗಳ ಯಂತ್ರ ಕಳೆದ ತಿಂಗಳು ಕುಂಯ್ ಎಂದು ಶಿಳ್ಳೆ ಹೊಡೆಯುತ್ತಿತ್ತು. ಕೊಟ್ಟವರ ಬಳಿ ಒಯ್ದಾಗ ಲ್ಯಾಪ್‌ಟಾಪಿನಲ್ಲಿ ಐದೇ ನಿಮಿಷದಲ್ಲಿ ಅದನ್ನು ನಿಲ್ಲಿಸಿಕೊಟ್ಟರು. ಗೇನ್ ಲೆಕ್ಕ ಹಾಕುವ ಈ ಎರಡು ಸೂತ್ರಗಳಲ್ಲಿ ಯಾವುದು ಸರಿ, ತಿಳಿದವರು ದಯವಿಟ್ಟು ಹೇಳಬೇಕು.

ಹಳೇ ಇಂಜಿನಿಯರ್:

ನಾನು ಶ್ರವಣತಜ್ಞನಲ್ಲ. 22 ವರ್ಷಗಳಿಂದ ಎರಡೂ ಕಿವಿಗೆ ಯಂತ್ರ ಹಾಕಿಕೊಂಡು ಬದುಕುತ್ತಿರುವ ನಿವೃತ್ತ ಇಂಜಿನಿಯರ್. ಲೆಕ್ಕದ ಚಟದಿಂದ ಈ ಸೂತ್ರಗಳ ಹಿಂದೆ ಬಿದ್ದವನು.

ಕಣ್ಣಿಗೆ ಎಷ್ಟು ಪವರ್ ಕಡಿಮೆಯೋ ಅಷ್ಟೇ ಪವರಿನ ಕನ್ನಡಕ ಕೊಡುತ್ತಾರಲ್ಲ, ಕಿವಿಗೂ ಹಾಗೆಯೇ ಎಂದುಕೊಂಡು 50 ಡೆಸಿಬಲ್ ನಷ್ಟಕ್ಕೆ 50 ಡೆಸಿಬಲ್ ಗೇನ್ ಕೊಟ್ಟರೆ ಯಾರೂ ಆ ಯಂತ್ರವನ್ನು ಹತ್ತು ನಿಮಿಷ ಇಟ್ಟುಕೊಳ್ಳಲಾರರು. ಒಳಗಿವಿಯ ನಷ್ಟದಲ್ಲಿ ಮೆಲ್ಲನೆಯ ಸದ್ದು ಕೇಳುವುದಿಲ್ಲ, ಆದರೆ ಜೋರಾದ ಸದ್ದು ಎಲ್ಲರಿಗೆ ಕೇಳುವಷ್ಟೇ ಜೋರಾಗಿ ಕೇಳುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಲೈಬಾರ್ಗರ್ 1940ರ ದಶಕದಲ್ಲೇ ಇದನ್ನು ಗಮನಿಸಿ, ಜನರು ತಾವಾಗಿಯೇ ಆರಿಸಿಕೊಳ್ಳುವ ಗೇನ್ ನಷ್ಟದ ಅರ್ಧದಷ್ಟು ಮಾತ್ರ ಎಂದರು. ಅನಂತರ ಬಂದ ಹಲವು ಸೂತ್ರಗಳು ಈ ಅರ್ಧದ ಲೆಕ್ಕವನ್ನೇ ತಿದ್ದಿ ತೀಡಿದಂಥವು.

ತಮ್ಮ ತಂದೆಯವರ ಆಡಿಯೋಗ್ರಾಂ ಅನ್ನೇ ತೆಗೆದುಕೊಳ್ಳೋಣ. ಅರ್ಧದ ಲೆಕ್ಕದಲ್ಲಿ 500ಕ್ಕೆ 20, 1000ಕ್ಕೆ 25, 2000ಕ್ಕೆ 30, 4000ಕ್ಕೆ 35 ಡೆಸಿಬಲ್ ಬರುತ್ತದೆ. ಸಿಡ್ನಿಯ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್‌ನ ಡೆನಿಸ್ ಬರ್ನ್ ಮತ್ತು ಹಾರ್ವಿ ಡಿಲ್ಲನ್ 1986ರಲ್ಲಿ ಕೊಟ್ಟ ಎನ್‌ಎಎಲ್-ಆರ್ ಸೂತ್ರದಲ್ಲಿ 500, 1000, 2000ಗಳ ನಷ್ಟವನ್ನು ಕೂಡಿಸಿ 0.05ರಿಂದ ಗುಣಿಸಬೇಕು. ಇಲ್ಲಿ ಅದು 7.5. ಅದಕ್ಕೆ ಆಯಾ ಆವರ್ತನದ ನಷ್ಟದ 0.31 ಭಾಗವನ್ನು ಸೇರಿಸಿ, ಕೊನೆಗೆ ಒಂದು ಸ್ಥಿರಾಂಕವನ್ನು ಕೂಡಬೇಕು. 500 ಹರ್ಟ್ಜ್‌ಗೆ ಆ ಸ್ಥಿರಾಂಕ −8, 1000ಕ್ಕೆ +1, 2000ಕ್ಕೆ −1, 4000ಕ್ಕೆ −2. ಹಾಗಾಗಿ ಉತ್ತರ ಕ್ರಮವಾಗಿ ಸುಮಾರು 12, 24, 25, 27. ಅರ್ಧದ ಲೆಕ್ಕಕ್ಕಿಂತ 4000 ಹರ್ಟ್ಜ್‌ನಲ್ಲಿ ಎಂಟು ಡೆಸಿಬಲ್ ಕಡಿಮೆ. ಮಾತಿನ ಯಾವ ಭಾಗವೂ ಉಳಿದದ್ದನ್ನು ಮೀರಿ ಕಿವಿಗೆ ಹೊಡೆಯಬಾರದು, ಎಲ್ಲವೂ ಸಮವಾಗಿ ಹಂಚಿಕೊಂಡು ಕೇಳಬೇಕು ಎಂಬುದು ಆ ಹಂಚಿಕೆಯ ತರ್ಕ.

ಇದು ಕೈಯಿಂದಲೇ ಮಾಡಬಹುದಾದ ಲೆಕ್ಕ. ಅದೇ ಎನ್‌ಎಎಲ್‌ನ ಮುಂದಿನ ಸೂತ್ರಗಳಾದ 1999ರ ಎನ್‌ಎಲ್1 ಮತ್ತು 2011ರ ಎನ್‌ಎಲ್2 ಹಾಗಲ್ಲ. ಮೆಲುಮಾತಿಗೆ ಒಂದು ಗೇನ್, ಸಾಮಾನ್ಯ ಮಾತಿಗೆ ಒಂದು, ಕೂಗಿಗೆ ಇನ್ನೊಂದು ಎಂದು ಅವು ಕೊಡುವುದರಿಂದ ಕಂಪ್ಯೂಟರ್ ಬೇಕು. ನನ್ನ ಅನುಭವದಲ್ಲಿ ಹೇಳುವುದಾದರೆ ಎನ್‌ಎಎಲ್ ಸಾಕು, ಡಿಎಸ್‌ಎಲ್ ಗದ್ದಲ. ಒಮ್ಮೆ ಹಾಕಿಸಿಕೊಂಡು ನೋಡಿ ಮೂರನೆಯ ದಿನ ತೆಗೆಸಿದ್ದೇನೆ.

ಶ್ರವಣತಜ್ಞೆ, ಮೈಸೂರು:

ಇಂಜಿನಿಯರ್ ಅವರ ಲೆಕ್ಕ ಸರಿಯಾಗಿದೆ. ಆದರೆ ಕೊನೆಯ ಎರಡು ವಾಕ್ಯಗಳು ಅವರ ಕಿವಿಗೆ ಮಾತ್ರ ಅನ್ವಯಿಸುತ್ತವೆ, ಮೂರು ವರ್ಷದ ಮಗುವಿನ ಕಿವಿಗೆ ಅನ್ವಯಿಸುವುದಿಲ್ಲ. ಅವರು ಹಾಕಿಸಿಕೊಂಡದ್ದು ಡಿಎಸ್‌ಎಲ್‌ನ ಹಳೆಯ ಆವೃತ್ತಿ ಇದ್ದಿರಬಹುದು. ಕೆನಡಾದ ಒಂಟಾರಿಯೊದಲ್ಲಿ ರಿಚರ್ಡ್ ಸೀವಾಲ್ಡ್ ಅವರ ತಂಡ 1980ರ ದಶಕದಲ್ಲಿ ಈ ವಿಧಾನವನ್ನು ರೂಪಿಸಿದ್ದೇ ಮಕ್ಕಳಿಗಾಗಿ. 2005ರಲ್ಲಿ ಸೂಸನ್ ಸ್ಕೋಲಿ ಮತ್ತು ಸಂಗಡಿಗರು ಐದನೆಯ ಆವೃತ್ತಿಯನ್ನು ತಂದಾಗ, ವಯಸ್ಕರು ಮಕ್ಕಳಿಗಿಂತ ಕಡಿಮೆ ಮಟ್ಟವನ್ನು ಬಯಸುತ್ತಾರೆಂಬುದನ್ನು ಒಪ್ಪಿಕೊಂಡು, ವಯಸ್ಕರಿಗೆಂದೇ ಕೆಲವು ಡೆಸಿಬಲ್ ತಗ್ಗಿಸಿದ ಬೇರೆ ಗುರಿರೇಖೆಯನ್ನು ಕೊಟ್ಟರು. ಎನ್‌ಎಎಲ್ ಬಳಗವೂ ಸುಮ್ಮನೆ ಕೂರಲಿಲ್ಲ. ಎನ್‌ಎಲ್1 ಹೇಳಿದ್ದಕ್ಕಿಂತ ವಯಸ್ಕರು ಸರಾಸರಿ 3 ಡೆಸಿಬಲ್ ಕಡಿಮೆ ಬಯಸುತ್ತಾರೆಂದು ಕಂಡುಕೊಂಡು ಎನ್‌ಎಲ್2ರಲ್ಲಿ ಅದನ್ನು ತಿದ್ದಿತು. ಹೊಸದಾಗಿ ಯಂತ್ರ ಹಾಕುವವರಿಗೆ ಕಡಿಮೆ, ಮಕ್ಕಳಿಗೆ ಹೆಚ್ಚು, ಗಂಡಸರಿಗಿಂತ ಹೆಂಗಸರಿಗೆ ತುಸು ಕಡಿಮೆ ಎಂಬ ಹೊಂದಾಣಿಕೆಗಳೂ ಬಂದವು. ಹೀಗೆ ಎರಡು ದಿಕ್ಕುಗಳಿಂದ ಹೊರಟ ಎರಡೂ ಈಗ ಮೊದಲಿಗಿಂತ ಬಹಳ ಹತ್ತಿರ ಬಂದು ನಿಂತಿವೆ.

ಹೊರಟ ದಿಕ್ಕು ಯಾವುದೆಂದು ತಿಳಿದರೆ ಬೆಣ್ಣೆನಗರಿಯವರ ಪ್ರಶ್ನೆಗೆ ಉತ್ತರ ಸಿಗುತ್ತದೆ. ಒಟ್ಟು ಜೋರು ಸಾಮಾನ್ಯ ಕಿವಿಯವರು ಅನುಭವಿಸುವಷ್ಟನ್ನು ಮೀರದಂತೆ ನೋಡಿಕೊಂಡು, ಆ ಮಿತಿಯೊಳಗೆ ಮಾತು ಗರಿಷ್ಠ ಅರ್ಥವಾಗುವಂತೆ ಗೇನ್ ಹಂಚುವುದು ಎನ್‌ಎಎಲ್‌ನ ಗುರಿ. ಹಾಗೆ ಹಂಚುವಾಗ, ಯಾವ ಆವರ್ತನದಲ್ಲಿ ಕಿವಿ ಹೆಚ್ಚು ಕೆಟ್ಟಿದೆಯೋ ಅಲ್ಲಿ ಸುರಿದ ಗೇನಿನಿಂದ ಅರ್ಥವಾಗುವಿಕೆ ಅಷ್ಟೇನೂ ಹೆಚ್ಚದಿದ್ದರೆ ಅಲ್ಲಿ ಗೇನ್ ಕಡಿಮೆ ಮಾಡುತ್ತದೆ. ಡಿಎಸ್‌ಎಲ್ ಹೊರಟದ್ದು ಮಾತಿನ ಆದಷ್ಟು ಅಗಲದ ಭಾಗ ಮಗುವಿಗೆ ಕೇಳಿಸಲೇಬೇಕು ಎಂಬಲ್ಲಿಂದ. ತಮ್ಮ ತಂದೆಯವರಿಗೆ ಕನ್ನಡ ಬರುತ್ತದೆ. ‘ನಾಳೆ _ಂತೆಗೆ ಹೋಗೋಣ’ ಎಂದು ಅರೆಬರೆ ಕೇಳಿದರೂ ತಲೆಯೊಳಗಿನ 71 ವರ್ಷಗಳ ಭಾಷೆ ಆ ಖಾಲಿ ಜಾಗವನ್ನು ‘ಸ’ ಎಂದು ತುಂಬಿಕೊಳ್ಳುತ್ತದೆ. ಮಗುವಿಗೆ ತುಂಬಿಕೊಳ್ಳಲು ಏನೂ ಇಲ್ಲ. ಸಂತೆ ಎಂಬ ಪದವನ್ನು ಅದು ಕಲಿಯಬೇಕಾದದ್ದೇ ಕೇಳಿ. ಆದ್ದರಿಂದ ಮೆಲುಮಾತಿನ ಗೇನ್ ಮಕ್ಕಳಿಗೆ ಹೆಚ್ಚಿರುವುದು ತಪ್ಪಲ್ಲ, ಬೇಕೆಂದೇ ಮಾಡಿದ್ದು.

ಇನ್ನು ಕಿವಿಯ ಗಾತ್ರ. ಯಂತ್ರವನ್ನು ಪರೀಕ್ಷಿಸುವ ಕಪ್ಲರ್ ಎಂಬುದು ಎರಡು ಘನ ಸೆಂಟಿಮೀಟರಿನ ಒಂದು ಲೋಹದ ಕುಳಿ. ಅದೇ ಯಂತ್ರದ ಅದೇ ಸದ್ದನ್ನು ಅದಕ್ಕಿಂತ ಚಿಕ್ಕ ಜಾಗಕ್ಕೆ ಬಿಟ್ಟರೆ ಒತ್ತಡ ಏರುತ್ತದೆ. ಜಾಗ ಅರ್ಧವಾದರೆ ಏರಿಕೆ 6 ಡೆಸಿಬಲ್. ಕೂಸಿನ ಕಿವಿನಾಳದಲ್ಲಿ ಈ ಏರಿಕೆ ದೊಡ್ಡವರದಕ್ಕಿಂತ ಎಷ್ಟೋ ಹೆಚ್ಚು, ಮತ್ತು ಮಗು ಬೆಳೆದಂತೆ ಅದು ಇಳಿಯುತ್ತ ಹೋಗುತ್ತದೆ. ಕಪ್ಲರಿಗೂ ಆ ಮಗುವಿನ ಕಿವಿಗೂ ಇರುವ ಅಂತರವನ್ನು ನಾವು ಆರ್‌ಇಸಿಡಿ ಎನ್ನುತ್ತೇವೆ. ಕಿವಿಯಲ್ಲಿ ಕೂದಲೆಳೆಯಂಥ ಮೃದು ಕೊಳವೆಯೊಂದನ್ನು ಇಟ್ಟು, ಮಗು ಮೊಬೈಲಿನಲ್ಲಿ ಏನನ್ನೋ ನೋಡುತ್ತಿರುವಾಗಲೇ ಅರ್ಧ ನಿಮಿಷದೊಳಗೆ ಅಳೆಯಬಹುದು. ಆಮೇಲೆ ಮಗುವನ್ನು ಅಮ್ಮನ ತೊಡೆಗೆ ಬಿಟ್ಟು ಉಳಿದ ಕೆಲಸವನ್ನೆಲ್ಲ ಕಪ್ಲರಿನಲ್ಲೇ ಮಾಡಿಕೊಳ್ಳುತ್ತೇವೆ. ತಮ್ಮ ಮಗಳಿಗೆ ಇದನ್ನು ಅಳೆದಿದ್ದಾರೆಯೇ? ಹಾಳೆಯಲ್ಲಿ ‘ಮೆಷರ್ಡ್’ (ಅಳೆದದ್ದು) ಎಂದಿದೆಯೋ ‘ಪ್ರಿಡಿಕ್ಟೆಡ್’ (ಊಹಿಸಿದ್ದು) ಎಂದಿದೆಯೋ ನೋಡಿ ತಿಳಿಸಿ.

ಮತ್ತೊಂದು ಪ್ರಶ್ನೆ. ಮಗಳ ಆಡಿಯೋಗ್ರಾಂ ಆಟದ ಮೂಲಕ ಮಾಡಿದ ಪರೀಕ್ಷೆಯದೋ, ನಿದ್ದೆ ಮಾಡಿಸಿ, ಸದ್ದಿಗೆ ಶ್ರವಣನರ ಮತ್ತು ಮಿದುಳಕಾಂಡ ಸ್ಪಂದಿಸುವುದನ್ನು ಅಳೆದು ಮಾಡಿದ ಬೆರಾ ಪರೀಕ್ಷೆಯದೋ? ಬೆರಾದಲ್ಲಿ ಬಂದ ಮಟ್ಟ ನಿಜವಾದ ಶ್ರವಣಮಟ್ಟಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಅದನ್ನು ತಿದ್ದದೆ ಹಾಗೆಯೇ ಸಾಫ್ಟ್‌ವೇರಿಗೆ ತುಂಬಿದರೆ ಸೂತ್ರ ಯಾವುದಾದರೂ ಗೇನ್ ಅತಿಯಾಗುತ್ತದೆ.

ಒಂಟಾರಿಯೊ ಕನ್ನಡತಿ:

ಈ ಎರಡು ಸೂತ್ರಗಳ ನಡುವೆ ನಮ್ಮ ಮಗ ಅಕ್ಷರಶಃ ಮನೆ ಬದಲಿಸಿದ್ದಾನೆ. ಅವನು ಹುಟ್ಟಿದ್ದು ಸಿಡ್ನಿಯಲ್ಲಿ. ಐದು ತಿಂಗಳಿದ್ದಾಗ ಅಲ್ಲಿಯೇ ಯಂತ್ರ ಹಾಕಿದರು, ಎನ್‌ಎಎಲ್ ಲೆಕ್ಕದಲ್ಲಿ. ಏಳನೆಯ ವಯಸ್ಸಿನಲ್ಲಿ ನಾವು ಒಂಟಾರಿಯೊಗೆ ಬಂದೆವು. ಇಲ್ಲಿ ಮಕ್ಕಳಿಗೆ ಡಿಎಸ್‌ಎಲ್ ಬಿಟ್ಟರೆ ಬೇರೆ ಮಾತಿಲ್ಲ. ಬದಲಿಸಿದ ದಿನ ಕಾರಿನಲ್ಲಿ ಕೂತವನೇ ‘ಅಮ್ಮ, ಇಂಡಿಕೇಟರ್ ಸದ್ದು ಮಾಡುತ್ತದೆಯಾ?’ ಎಂದು ಕೇಳಿದ. ಅದುವರೆಗೆ ಅವನಿಗೆ ಆ ಟಿಕ್‌ಟಿಕ್ ಕೇಳಿರಲಿಲ್ಲ. ಹಿಂದಿನ ಸೀಟಿನಿಂದ ನನ್ನ ಮೆಲುಮಾತಿಗೆ ಉತ್ತರ ಕೊಡತೊಡಗಿದ. ಆದರೆ ಶಾಲೆಯ ಊಟದ ಕೋಣೆಯಲ್ಲಿ ಮಾತ್ರ ಕೈ ಕಿವಿಯ ಮೇಲೆ. ಕೆಲವು ತಿಂಗಳು ಹಾಗೆಯೇ ನಡೆಯಿತು. ಕೊನೆಗೆ ಶ್ರವಣತಜ್ಞರು ಗದ್ದಲಕ್ಕೆಂದು ಗೇನ್ ತಗ್ಗಿಸಿದ ಎರಡನೆಯ ಪ್ರೋಗ್ರಾಂ ಹಾಕಿಕೊಟ್ಟರು.

ಆಮೇಲೆ ಓದಿದಾಗ ನಗು ಬಂತು. ಇದನ್ನೇ ಎರಡೂ ದೇಶಗಳ ತಂಡಗಳು ಸೇರಿ ಪರೀಕ್ಷಿಸಿವೆ. ಆಸ್ಟ್ರೇಲಿಯಾದ ತೆರೇಸಾ ಚಿಂಗ್ ಮತ್ತು ಕೆನಡಾದ ಸ್ಕೋಲಿ ಅವರ ಬಳಗಗಳು ಎರಡೂ ದೇಶಗಳಿಂದ ಒಟ್ಟು 48 ಶಾಲಾಮಕ್ಕಳಿಗೆ ಎನ್‌ಎಲ್1 ಮತ್ತು ಡಿಎಸ್‌ಎಲ್‌ನ ಆಗಿನ ಆವೃತ್ತಿಯನ್ನು ಅದಲುಬದಲು ಮಾಡಿ ಹಾಕಿ ನೋಡಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದವು. ಮಾತು ಗ್ರಹಿಸುವ ಪರೀಕ್ಷೆಗಳಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಮೆಲುಮಾತಿಗೂ ಬೆನ್ನ ಹಿಂದಿನ ಮಾತಿಗೂ ಡಿಎಸ್‌ಎಲ್ ಹಿಡಿಸಿತು, ಗದ್ದಲದ ಜಾಗಕ್ಕೆ ಎನ್‌ಎಎಲ್ ಹಿಡಿಸಿತು. ಜೊತೆಗೆ, ಮೊದಲಿನಿಂದ ಡಿಎಸ್‌ಎಲ್ ಕೇಳಿ ಬೆಳೆದ ಕೆನಡಾದ ಮಕ್ಕಳು ಡಿಎಸ್‌ಎಲ್ ಕಡೆಗೇ ಹೆಚ್ಚು ವಾಲಿದರು. ಅಭ್ಯಾಸಬಲ.

ಹಳೇ ಇಂಜಿನಿಯರ್:

ಮೇಡಂ ಅವರ ತಿದ್ದುಪಡಿಯನ್ನು ಒಪ್ಪಿಕೊಂಡೆ. ಆದರೆ ಒಂಟಾರಿಯೊದವರು ಹೇಳಿದ್ದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಯಸುತ್ತೇನೆ. ಆಸ್ಟ್ರೇಲಿಯಾದಲ್ಲಿ ಸುಮಾರು 450 ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿದ ‘ಲೋಚಿ’ ಎಂಬ ಅಧ್ಯಯನದಲ್ಲಿ, ಯಂತ್ರ ಹಾಕುವ ಮಕ್ಕಳಿಗೆ ಯಾವ ಸೂತ್ರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ಐದನೆಯ ವಯಸ್ಸಿನಲ್ಲಿ ಭಾಷೆಯನ್ನು ಅಳೆದಾಗ ಸೂತ್ರದಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎಷ್ಟು ಬೇಗ ಯಂತ್ರ ಹಾಕಿದರು ಎಂಬುದು ಎದ್ದು ಕಂಡಿತು. ಹಾಗಿದ್ದ ಮೇಲೆ ಸೂತ್ರಗಳ ಹೆಸರಿಗಾಗಿ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ?

ಶ್ರವಣತಜ್ಞೆ, ಮೈಸೂರು:

ಆ ಫಲಿತಾಂಶವನ್ನು ನಾನು ಬೇರೆ ರೀತಿ ಓದುತ್ತೇನೆ. ಆ ಮಕ್ಕಳಲ್ಲಿ ಯಾವ ಸೂತ್ರವೇ ಆಗಲಿ, ಅದು ಹೇಳಿದ ಗುರಿಯನ್ನು ಯಂತ್ರ ಮುಟ್ಟಿದೆಯೇ ಎಂದು ಅಳೆದು ನೋಡಿದ್ದರು. ಎರಡು ಒಳ್ಳೆಯ ಸೂತ್ರಗಳನ್ನು ನಿಷ್ಠೆಯಿಂದ ಪಾಲಿಸಿದರೆ ಫಲ ಒಂದೇ ಎಂದು ಅದರಿಂದ ತಿಳಿಯಬಹುದೇ ಹೊರತು, ಹೇಗೆ ಹಾಕಿದರೂ ನಡೆಯುತ್ತದೆ ಎಂದಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆಯೇ. ಯಂತ್ರವನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಆಡಿಯೋಗ್ರಾಂ ತುಂಬಿ, ‘ಫಸ್ಟ್ ಫಿಟ್’ ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ ಗುರಿರೇಖೆಯೂ ಯಂತ್ರದ ರೇಖೆಯೂ ಒಂದರ ಮೇಲೊಂದು ಚೆಂದವಾಗಿ ಕೂರುತ್ತವೆ. ಅದು ಸರಾಸರಿ ಕಿವಿಯೊಂದನ್ನು ಊಹಿಸಿಕೊಂಡು ಸಾಫ್ಟ್‌ವೇರ್ ಬರೆದ ಚಿತ್ರ. 2007ರಲ್ಲಿ ಪ್ರಕಟವಾದ ಆಜ಼್ ಮತ್ತು ಮೂರ್ ಅವರ ಅಳತೆಯಲ್ಲಿ, ಹೀಗೆ ಹಾಕಿದ ಯಂತ್ರಗಳಲ್ಲಿ ಶೇಕಡಾ 64ರಷ್ಟು ಒಂದಲ್ಲ ಒಂದು ಆವರ್ತನದಲ್ಲಿ ಗುರಿಯಿಂದ 10 ಡೆಸಿಬಲ್‌ಗಿಂತ ಹೆಚ್ಚು ದೂರವಿದ್ದವು. ಎನ್‌ಎಎಲ್‌ಗೂ ಡಿಎಸ್‌ಎಲ್‌ಗೂ ಇರುವ ಅಂತರಕ್ಕಿಂತ, ಎನ್‌ಎಎಲ್ ಎಂದು ಬರೆದ ಹಾಳೆಗೂ ಕಿವಿಯೊಳಗಿನ ಸದ್ದಿಗೂ ಇರುವ ಅಂತರವೇ ದೊಡ್ಡದಾಗಿಬಿಡುವುದು ಹೀಗೆ.

ಧಾರವಾಡದ ಟೀಚರ್:

ಕಿವುಡು ಮಕ್ಕಳಿಗೆ ಕಲಿಸುವವಳು ನಾನು. ಸೂತ್ರಗಳ ಬಗ್ಗೆ ನನಗೆ ಹೆಚ್ಚು ತಿಳಿಯದು. ಆದರೆ ಬೆಣ್ಣೆನಗರಿಯವರು ಬರೆದ ಒಂದು ವಾಕ್ಯದ ಮೇಲೆ ನನ್ನ ಕಣ್ಣು ನಿಂತಿದೆ. ಶಿಳ್ಳೆಯನ್ನು ಲ್ಯಾಪ್‌ಟಾಪಿನಲ್ಲಿ ಐದು ನಿಮಿಷದಲ್ಲಿ ನಿಲ್ಲಿಸಿದರು ಎಂದಿರಲ್ಲ, ಕಿವಿ ಅಚ್ಚನ್ನು ಬದಲಿಸಿದರೇ?

ಈ ವಯಸ್ಸಿನ ಮಕ್ಕಳ ಕಿವಿ ಬೆಳೆಯುತ್ತಲೇ ಇರುತ್ತದೆ. ಕಿವಿಯೊಳಗೆ ಕೂರುವ ಈ ಅಚ್ಚು ಸಡಿಲವಾದಾಗ ಸದ್ದು ಹೊರಗೆ ಸೋರಿ ಮೈಕಿಗೆ ಮರಳಿ ಹೊಕ್ಕು ಶಿಳ್ಳೆಯಾಗುತ್ತದೆ. ಅಚ್ಚನ್ನು ಹೊಸದಾಗಿ ತೆಗೆಯುವುದು ಅದಕ್ಕೆ ಪರಿಹಾರ. ಅದರ ಬದಲು ಹೆಚ್ಚಿನ ಆವರ್ತನಗಳ ಗೇನ್ ಇಳಿಸಿದರೂ ಶಿಳ್ಳೆ ನಿಲ್ಲುತ್ತದೆ. ಅದರೊಂದಿಗೆ ‘ಸ’ ಕೂಡ ನಿಂತುಹೋಗುತ್ತದೆ. ದಯವಿಟ್ಟು ಇವತ್ತೇ ಒಂದು ಕೆಲಸ ಮಾಡಿ. ಮಗಳ ಹಿಂದೆ ಒಂದು ಮಾರು ದೂರ ಕುಳಿತು, ಮನೆಯವರು ಸೆರಗಿನಿಂದಲೋ ತೆಳು ಬಟ್ಟೆಯಿಂದಲೋ ಬಾಯಿ ಮರೆಮಾಡಿಕೊಂಡು ಮ್, ಊ, ಆ, ಈ, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ, ಕ್ರಮ ತಪ್ಪಿಸಿ, ನಡುವೆ ಬಿಡುವು ಕೊಟ್ಟು ಹೇಳಲಿ. ಕೇಳಿದಾಗಲೆಲ್ಲ ಮಗು ಒಂದು ಬಳೆಯನ್ನು ಡಬ್ಬಿಗೆ ಹಾಕಬೇಕು. ಯಾವುದಕ್ಕೆ ಕೈ ತಡೆಯಿತು ಎಂದು ನನಗೆ ಬರೆಯಿರಿ.

ಬೆಣ್ಣೆನಗರಿ:

ಅಚ್ಚು ಬದಲಿಸಲಿಲ್ಲ ಮೇಡಂ. ಎಂಟು ತಿಂಗಳ ಹಿಂದಿನದೇ ಇದೆ. ನಿನ್ನೆ ರಾತ್ರಿ ನೀವು ಹೇಳಿದಂತೆ ಮಾಡಿದೆವು. ಮೊದಲ ನಾಲ್ಕು ಧ್ವನಿಗಳಿಗೆ ಬಳೆ ಡಬ್ಬಿಗೆ ಬಿತ್ತು. ಶ್ ಎಂದಾಗ ಒಮ್ಮೆ ಬಿತ್ತು, ಒಮ್ಮೆ ಇಲ್ಲ. ಸ್ ಎಂದಾಗ ಬಳೆಯನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ನನ್ನ ಹೆಂಡತಿ ಮೂರು ಸಲ ಹೇಳಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋದಳು.

ಹಾಳೆಯಲ್ಲಿ ‘ಪ್ರಿಡಿಕ್ಟೆಡ್’ ಎಂದಿದೆ. ಆಡಿಯೋಗ್ರಾಂ ಆಟದ ಪರೀಕ್ಷೆಯದೇ. ಇನ್ನು ಎರಡು ಸಂದೇಹಗಳಿವೆ. ಈ ಸೂತ್ರಗಳೆಲ್ಲ ಇಂಗ್ಲಿಷ್ ಮಾತಿಗೆ ಕಟ್ಟಿದವು, ಕನ್ನಡಕ್ಕೆ ಹೊಂದುತ್ತವೆಯೇ? ಮತ್ತು ಮೊದಲು ಕೇಳಿದ ಪ್ರಶ್ನೆ: ಗೇನ್ ಮತ್ತೆ ಏರಿಸಿದರೆ ಕಿವಿಗೆ ಅಪಾಯವಿಲ್ಲವೇ?

ಶ್ರವಣತಜ್ಞೆ, ಮೈಸೂರು:

ಎರಡನೆಯದನ್ನು ಮೊದಲು ಹೇಳುತ್ತೇನೆ. ಅಪಾಯವನ್ನು ನಿರ್ಧರಿಸುವುದು ಕಿವಿಯೊಳಗೆ ತಲುಪುವ ಒಟ್ಟು ಮಟ್ಟ. ಮೆಲುಮಾತಿಗೆ ಹೆಚ್ಚು ಗೇನ್ ಕೊಟ್ಟ ಯಂತ್ರವೇ ಬಾಗಿಲು ಧಡಾರನೆ ಬಡಿದಾಗ ಗೇನ್ ಇಳಿಸಿಕೊಳ್ಳುತ್ತದೆ. ಅದರ ಮೇಲೆ ಎಂಪಿಒ ಎಂಬ ಗರಿಷ್ಠ ಮಿತಿಯೂ ಇದೆ. ಎರಡೂ ವಿಧಾನಗಳು ಈ ಮಿತಿ ಎಷ್ಟಿರಬೇಕೆಂದು ಹೇಳುತ್ತವೆ. ಆದರೆ ಮಗುವಿನ ಕಿವಿ ಸರಾಸರಿಗಿಂತ ಚಿಕ್ಕದಿದ್ದು ಆರ್‌ಇಸಿಡಿಯನ್ನು ಊಹೆಯಿಂದ ತುಂಬಿದ್ದರೆ ಮಿತಿಯೂ ಊಹೆಯೇ ಆಗುತ್ತದೆ. ಆದ್ದರಿಂದ ತಾಯಿಯವರ ಭಯಕ್ಕೆ ಅಳತೆಯೇ ಉತ್ತರ. ಗೇನನ್ನು ಅಂದಾಜಿನಿಂದ ಇಳಿಸಿಡುವುದರಿಂದ ಮಗುವಿಗೆ ನಷ್ಟವೇ.

ಕನ್ನಡದ ಪ್ರಶ್ನೆ ಸೊಗಸಾಗಿದೆ. ಬರ್ನ್ ಮತ್ತು ಸಂಗಡಿಗರು 1994ರಲ್ಲಿ 12 ಭಾಷೆಗಳ ಮಾತಿನ ಸರಾಸರಿ ಧ್ವನಿಹಂಚಿಕೆಯನ್ನು ಹೋಲಿಸಿದಾಗ ಅವು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತಿದ್ದವು. ಎನ್‌ಎಲ್2 ಕೇಳುವುದು ಒಂದೇ ಪ್ರಶ್ನೆ: ಭಾಷೆ ಚೀನೀ ಭಾಷೆಯಂತೆ ಸ್ವರದ ಏರಿಳಿತದಿಂದಲೇ ಪದದ ಅರ್ಥ ಬದಲಾಗುವಂಥದೇ? ಹೌದಾದರೆ ಕೆಳಗಿನ ಆವರ್ತನಗಳಿಗೆ ತುಸು ಹೆಚ್ಚು ಕೊಡುತ್ತದೆ. ಕನ್ನಡ ಹಾಗಲ್ಲ, ಆದ್ದರಿಂದ ಆ ಗುಂಡಿಯನ್ನು ಮುಟ್ಟಬೇಕಿಲ್ಲ. ಆದರೆ ನನ್ನದೇ ಒಂದು ಗಮನವನ್ನು ಸೇರಿಸುತ್ತೇನೆ. ಇಂಗ್ಲಿಷಿನಲ್ಲಿ ಬಹುವಚನ, ಷಷ್ಠಿ ಎರಡೂ ಪದದ ಕೊನೆಯ ಆ ಒಂದು ‘ಸ್’ ಮೇಲೆ ನಿಂತಿವೆ. ಕನ್ನಡದ ‘ಗಳು’, ‘ಅನ್ನು’, ‘ಇಂದ’ಗಳಲ್ಲಿ ಸ್ವರವೂ ಅನುನಾಸಿಕವೂ ತುಂಬಿರುವುದರಿಂದ ಅವು ಕೆಳಗಿನ ಆವರ್ತನಗಳಲ್ಲೇ ಕೇಳಿಬಿಡುತ್ತವೆ. ಹಾಗಾಗಿ ಮೇಲಿನ ಆವರ್ತನಗಳು ಕಳೆದುಹೋದ ಮಗುವೂ ಮನೆಯಲ್ಲಿ ಕನ್ನಡವನ್ನು ಚೆನ್ನಾಗಿಯೇ ಆಡುತ್ತಿರುವಂತೆ ಕಾಣಬಹುದು. ಒಂದನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋದ ಮೇಲೆ ಬಣ್ಣ ಬಯಲಾಗುತ್ತದೆ.

ದಾವಣಗೆರೆಯಲ್ಲಿಯೇ ಪ್ರೋಬ್ ಟ್ಯೂಬಿನಿಂದ ಅಳೆಯುವ ಸೌಲಭ್ಯವಿರುವ ಕಡೆ ವಿಚಾರಿಸಿ. ಇಲ್ಲದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಂದು ದಿನದ ಮಟ್ಟಿಗೆ ಬನ್ನಿ. ಅಜ್ಜನನ್ನೂ ಕರೆತನ್ನಿ.

ಬೆಣ್ಣೆನಗರಿ:

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ, ಕ್ಷಮಿಸಿ. ಇಬ್ಬರದೂ ಅಳತೆಯಾಯಿತು.

ಮಗಳಿಗೆ ಮೊದಲು ಹೊಸ ಅಚ್ಚು ತೆಗೆದರು. ಅದು ಕೈಗೆ ಬಂದ ಮೇಲೆ ಆರ್‌ಇಸಿಡಿ ಅಳೆದು, ಹಳೆಯ ಪ್ರೋಗ್ರಾಂ ಹೇಗಿದೆಯೋ ಹಾಗೆಯೇ ಇಟ್ಟು ನೋಡಿದರೆ 4000 ಹರ್ಟ್ಜ್‌ನಲ್ಲಿ ಗುರಿಗಿಂತ 14 ಡೆಸಿಬಲ್ ಕೆಳಗಿತ್ತು. ಹಾಳೆಯಲ್ಲಿ ಡಿಎಸ್‌ಎಲ್, ಕಿವಿಯಲ್ಲಿ ಏನೋ ಬೇರೆ. ಡಿಎಸ್‌ಎಲ್ ಅನ್ನೇ ಉಳಿಸಿಕೊಂಡು ಗುರಿಯ ಹತ್ತಿರಕ್ಕೆ ತಂದರು. ಮೆಲುಮಾತಿನ ಎಷ್ಟು ಭಾಗ ಅವಳಿಗೆ ಎಟಕುತ್ತದೆ ಎಂದು ತೋರಿಸುವ ಅಂಕಿ 41ರಿಂದ 58ಕ್ಕೆ ಏರಿತು. ಗರಿಷ್ಠ ಮಿತಿ ಸುರಕ್ಷಿತ ಗೆರೆಯ ಕೆಳಗೇ ಇದೆ ಎಂದು ನನ್ನ ಹೆಂಡತಿಗೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು.

ತಂದೆಯವರ ಅಳತೆ ತಮಾಷೆಯಾಗಿತ್ತು. ಸ್ಪೀಕರಿನಿಂದ ಹೆಂಗಸರು ಮಾತನಾಡುವ ಸದ್ದು ಬರುತ್ತಿತ್ತು, ಒಂದು ಪದವೂ ತಿಳಿಯದು. ‘ಇವರು ಯಾವ ಕಡೆಯವರು?’ ಎಂದು ಕೇಳಿದರು. ಆರು ಭಾಷೆಗಳ ಮಾತನ್ನು ತುಂಡುತುಂಡು ಮಾಡಿ ಹೊಸೆದ ಪರೀಕ್ಷಾಧ್ವನಿಯಂತೆ ಅದು. ಅವರ ಯಂತ್ರದಲ್ಲಿ ಎನ್‌ಎಲ್2 ಇದ್ದದ್ದು ನಿಜ, ಆದರೆ ‘ಅನುಭವಿ ಬಳಕೆದಾರ’ ಎಂದು ಆರಿಸಿಟ್ಟಿದ್ದರು, ಮತ್ತು ಜೋರಾದ ಸದ್ದಿಗೆ ಗುರಿಗಿಂತ 6 ಡೆಸಿಬಲ್ ಹೆಚ್ಚಿತ್ತು. ಎರಡನ್ನೂ ತಿದ್ದಿ, ಕೆಲವು ತಿಂಗಳುಗಳಲ್ಲಿ ಹಂತಹಂತವಾಗಿ ಏರಿಸೋಣ ಎಂದಿದ್ದಾರೆ. ಕುಕ್ಕರ್ ಕೂಗುವಾಗ ಈಗ ಯಂತ್ರ ತೆಗೆಯುತ್ತಿಲ್ಲ. ಪಾತ್ರೆ ತೊಳೆಯುವಾಗ ಮಾತ್ರ ಜಗಲಿಗೆ ಹೋಗಿ ಕೂರುತ್ತಾರೆ.

ಟೀಚರ್ ಮೇಡಂ, ಬಳೆ ಆಟ ದಿನವೂ ನಡೆಯುತ್ತಿದೆ. ಸ್‌ಗೆ ಐದರಲ್ಲಿ ನಾಲ್ಕು ಸಲ ಬೀಳುತ್ತಿದೆ.

ಧಾರವಾಡದ ಟೀಚರ್:

ದೂರವನ್ನು ಒಂದು ಮಾರಿನಿಂದ ಎರಡಕ್ಕೆ ಹೆಚ್ಚಿಸಿ ನೋಡಿ. ಐದನೆಯ ಸಲ ಬೀಳದಿರುವುದು ಬ್ಯಾಟರಿ ಇಳಿದ ದಿನವೇ ಇರಬಹುದು, ದಿನಾಂಕ ಬರೆದಿಟ್ಟುಕೊಳ್ಳಿ.

ಹಳೇ ಇಂಜಿನಿಯರ್:

ನನ್ನ ಹಾಳೆಯನ್ನು ಹುಡುಕಿ ತೆಗೆದು ನೋಡಿದೆ. 22 ವರ್ಷಗಳಲ್ಲಿ ಆರು ಜೊತೆ ಯಂತ್ರಗಳು, ಕಿವಿಗೆ ಕೊಳವೆ ಇಟ್ಟು ಒಮ್ಮೆಯೂ ಅಳೆದಿಲ್ಲ. ಆ ಮೂರು ದಿನಗಳ ಡಿಎಸ್‌ಎಲ್ ನಿಜಕ್ಕೂ ಡಿಎಸ್‌ಎಲ್ ಆಗಿತ್ತೋ ಇಲ್ಲವೋ ಈಗ ಹೇಳಲಾರೆ. ಮುಂದಿನ ವಾರಕ್ಕೆ ಸಮಯ ಗೊತ್ತುಮಾಡಿಕೊಂಡಿದ್ದೇನೆ.